ಮೂವತ್ತೊಂದರೊಳಗೆ

ಒರತೆ ಬಳಗದ ಬೋರ್ಡು ಇಳಿಸಿ ಎರಡು ತಿಂಗಳಾಯಿತು.
ಕುರ್ಚಿಗಳು ಅಂಗನವಾಡಿಗೆ ಹೋದವು, ಬೀರು ತೂಕಕ್ಕೆ,
ಜೀಪು ಹಿಂದೂಪುರದ ಯಾರಿಗೋ.
ಉಳಿದದ್ದು ವೆಬ್‌ಸೈಟೊಂದೇ. ಅದರ ಬಾಡಿಗೆಯೂ
ಈ ಮೂವತ್ತೊಂದಕ್ಕೆ ತೀರುತ್ತದೆ.

“ಪೋನೀಲೇಮ್ಮ,” ಅಂದರು ಕಾರ್ಯದರ್ಶಿ ಓಬಳರೆಡ್ಡಿ,
“ಸತ್ತ ಎಮ್ಮೆಗೆ ಯಾರಾದರೂ ಹುಲ್ಲು ಹಾಕ್ತಾರಾ?”

ಆ ಎಮ್ಮೆಯ ಹಾಲಿನ ಲೆಕ್ಕ ಬರೆದವಳು ನಾನು, ಸಾರ್.
ಒಂಬತ್ತು ವರ್ಷ. ಸಾವಿರದ ಮುನ್ನೂರ ಹದಿನೆಂಟು ಕೊಳವೆಬಾವಿ:
ಯಾವ ಊರು, ಯಾರ ಜಗಲಿಯೆದುರು, ಎಷ್ಟು ಅಡಿ,
ಲೀಟರಿಗೆಷ್ಟು ಫ್ಲೋರೈಡು.
ಸೀಸೆಯ ನೀರಿಗೆ ನಾಲ್ಕು ಹನಿ ಔಷಧಿ ಬಿಟ್ಟು ಕುಲುಕಿದರೆ
ಗುಲಾಬಿಯಾಗೇ ನಿಂತದ್ದು ಕುಡಿಯುವುದಕ್ಕೆ,
ಹಳದಿಗೆ ತಿರುಗಿದರೆ ಪಂಪಿಗೆ ಕೆಂಪು ಬಣ್ಣ.
ಡಬ್ಬ ಹಿಡಿದು ಹೋದರೆ ಬೈಯುತ್ತಿದ್ದರು:
ಕೆಂಪು ಬಳಿದು ಹೋಗ್ತೀಯ, ನೀರೇನು ನಿಮ್ಮಪ್ಪ ತರ್ತಾನಾ?
ಆಮೇಲೆ ಪಂಪುಗಳನ್ನೇ ಯಾರೋ ಗುಜರಿಗೆ ಕಿತ್ತೊಯ್ದರು.
ಈಗ ಕೆಂಪು ಇರುವುದು ಪಟ್ಟಿಯಲ್ಲಿ ಮಾತ್ರ.

ಅದಕ್ಕೇ ಇಳಿಸಿಕೊಳ್ಳುತ್ತಿದ್ದೇನೆ, ಒಂದೊಂದೇ ಪುಟ,
ಪಾವಗಡದಲ್ಲಿ, ನಮ್ಮ ಯಜಮಾನರ ಜೆರಾಕ್ಸ್ ಅಂಗಡಿಯೊಳಗೆ,
ಶಟರು ಅರ್ಧ ಎಳೆದುಕೊಂಡು, ಫೋನಿನ ನೆಟ್ಟಿನಲ್ಲಿ.
ಕೆಲವು ತೆರೆಯುತ್ತವೆ. ಕೆಲವು ಬಿಳಿ ಮುಖ ತೋರಿಸಿ
ಸುತ್ತುತ್ತ ಕೂರುತ್ತವೆ.
೨೦೧೪ರ ಬೇಸಿಗೆ ಪೂರ್ತಿ ಸಿಗಲಿಲ್ಲ.
ನಡುವೆ ಕರೆಂಟು ಹೋಗುತ್ತದೆ.
ಬಿಸಿಲಿನಿಂದ ಊರೂರಿಗೆ ಕರೆಂಟು ಕಟ್ಟಿಕೊಡುವ ತಾಲ್ಲೂಕು ನಮ್ಮದು;
ಕ್ಯಾಂಡಲ್ಲು ಗಲ್ಲಾಪೆಟ್ಟಿಗೆಯಲ್ಲೇ ಇರುತ್ತದೆ.

ನಿನ್ನೆ ಆದಿಲಕ್ಷ್ಮಿಯ ಫೋನು.
“ಅಕ್ಕಾ, ಅದು ಮುಚ್ಚೋಗ್ತದಂತಲ್ಲ? ಬದುಕಿದೆ.”

‘ಮಕ್ಕಳ ಹಲ್ಲು’ ಎಂಬ ಪುಟದಲ್ಲಿ ಏಳನೆಯ ಚಿತ್ರ ಅವಳದು.
ನಾಲ್ಕನೇ ಕ್ಲಾಸು. ಗದ್ದ ಹಿಡಿದು ಬಿಸಿಲಿಗೆ ತಿರುಗಿಸಿ
“ಇನ್ನೂ ಅಗಲ ನಗು” ಎಂದವಳು ನಾನೇ.
ಹುಣಸೆಬೀಜದ ಕಂದು, ಗೆರೆ ಗೆರೆ.
ಕೆಳಗೆ ಹೆಸರು, ಅಪ್ಪನ ಹೆಸರು, ಊರು, ನೀರು ೪.೨.
ನೋಡಿದವರು ದುಡ್ಡು ಕಳಿಸಿದರು;
ಎರಡು ಶಾಲೆಗೆ ಮಳೆನೀರಿನ ತೊಟ್ಟಿ ಬಂತು. ಅದೂ ಸುಳ್ಳಲ್ಲ.

ಈಗ ಮಧುಗಿರಿಯ ಆಸ್ಪತ್ರೆಯೊಂದರಲ್ಲಿ ನರ್ಸು.
ಮಾಸ್ಕು ಹಾಕಿದಾಗ ಮಾತ್ರ ಬಾಯ್ತುಂಬ ನಗುತ್ತಾಳಂತೆ.
ಹೆಸರು ಒತ್ತಿ ಹುಡುಕಿದರೆ ಮೊದಲು ಬರುವುದು ಆ ಬಾಯಿ.
ಎರಡು ಸಲ ಪತ್ರ ಬರೆದಿದ್ದಳು, ತೆಗೆಯಿರಿ ಅಂತ.
ಫೈಲು ಮಾಡಿಟ್ಟವಳೂ ನಾನೇ.

“ಹೂಂ, ಮುಚ್ಚುತ್ತದೆ,” ಅಂದೆ.
ಕೈಯಲ್ಲಿ ಪೆನ್‌ಡ್ರೈವು ಬೆಚ್ಚಗಿತ್ತು.

ಪಟ್ಟಿ ಹೋದರೆ ನಾಳೆ ಅದೇ ಜಾಗದಲ್ಲಿ ಹೊಸ ಪಂಪು ನೆಟ್ಟು
ಸಿಹಿನೀರು ಅನ್ನುತ್ತಾರೆ. ತೋರಿಸಲು ನನ್ನ ಹತ್ತಿರ ಏನೂ ಇರುವುದಿಲ್ಲ.
ಹಾಗಂತ ಒಬ್ಬ ಹುಡುಗಿಯ ಬಾಯಿ
ಸಾಕ್ಷಿಯೆಂದು ಎಷ್ಟು ವರ್ಷ ತೆರೆದೇ ಇರಬೇಕು?

ಏಳನೆಯದನ್ನು ಅಳಿಸಿದೆ. ಖಾಲಿ ಚೌಕದಲ್ಲಿ ಬರೆದೆ:
ಇಲ್ಲೊಬ್ಬಳು ಇದ್ದಳು.
ಚಿತ್ರ ತೆಗೆಯುವ ಮೊದಲು ಅವಳನ್ನು ಕೇಳಿರಲಿಲ್ಲ.

ಓದಿಕೊಂಡೆ. ಸರಿಯಾಗಿತ್ತು.
ಆಮೇಲೆ ಒಂದರಿಂದ ಹನ್ನೆರಡರವರೆಗೆ
ಮುಖಗಳನ್ನು ನೋಡುತ್ತ ಹೋದೆ.
ಯಾರನ್ನೂ ಕೇಳಿರಲಿಲ್ಲ.

ಇನ್ನು ಮೂರು ದಿನ. ಹನ್ನೊಂದು ಮಕ್ಕಳು.
ಮಕ್ಕಳೇನು, ಈಗ ಅವರಿಗೇ ಮಕ್ಕಳಿರಬಹುದು.
ನಾಗಲಮಡಿಕೆ ಬಸ್ಸು ಬೆಳಿಗ್ಗೆ ಆರೂವರೆಗೆ.